ಒಬ್ಬ ಬಸವರಾಜಪ್ಪ, ಮೂರು ಊರು

ಓದದೆ ಒಪ್ಪಿಕೊಳ್ಳುವುದರಲ್ಲಿ ನನ್ನಷ್ಟು ನುರಿತವರು ಈ ಕಡೆ ಇರಲಿಕ್ಕಿಲ್ಲ. ಕಂಪ್ಯೂಟರಿನಲ್ಲಾಗಲಿ ಫೋನಿನಲ್ಲಾಗಲಿ ಹೊಸದೇನಾದರೂ ಹಾಕಿಕೊಳ್ಳುವಾಗ ಉದ್ದಾನುದ್ದ ಷರತ್ತುಗಳು ಬರುತ್ತವಲ್ಲ, ಅವುಗಳ ಕೆಳಗೆ 'ಇವೆಲ್ಲವನ್ನೂ ಓದಿ ಒಪ್ಪಿದ್ದೇನೆ' ಎಂಬ ಪುಟ್ಟ ಚೌಕ ಇರುತ್ತದಲ್ಲ, ನನ್ನ ಬೆರಳು ಸೀದಾ ಆ ಚೌಕಕ್ಕೇ ಹೋಗುತ್ತದೆ. ಷರತ್ತು ಬರೆದವರು ಎಷ್ಟು ರಾತ್ರಿ ನಿದ್ದೆಗೆಟ್ಟಿದ್ದರೋ ಪಾಪ, ನಾನು ಒಂದು ಸಾಲನ್ನೂ ನೋಡಿದವಳಲ್ಲ. ಹಾಗೆ ನೋಡಿದರೆ ನನ್ನ ಲಗ್ನದಲ್ಲಿ ಅಯ್ಯನವರು ಏನೇನೋ ಹೇಳಿಸಿದರು, ನಾನು ತಲೆಬಗ್ಗಿಸಿಕೊಂಡು ಹೂಂ ಹೂಂ ಎಂದೆ. ಅದರಲ್ಲಿ ಏನಿತ್ತೆಂದು ನನಗೆ ಇವತ್ತಿಗೂ ಗೊತ್ತಿಲ್ಲ, ನಮ್ಮನೆಯವರಿಗಂತೂ ಗೊತ್ತೇ ಇಲ್ಲ. ಆದರೂ ಸಂಸಾರ ನಡೆದಿದೆ. ಸಾಫ್ಟ್‌ವೇರೂ ಹಾಗೇ ನಡೆದುಕೊಂಡು ಹೋಗುತ್ತದೆಂದು ನಾನು ನಂಬಿದ್ದೆ. ನಂಬಿದ್ದಕ್ಕೆ ಏನಾಯಿತೆಂದು ಹೇಳುತ್ತೇನೆ.

ನಾನು ಸಿಂಧನೂರಿನ ಒಂದು ಪಾತ್ರೆ ಅಂಗಡಿಯಲ್ಲಿ ಮ್ಯಾನೇಜರು. ಪಾತ್ರೆ ಅಂಗಡಿ ಎನ್ನುವುದು ಹಳೆಯ ರೂಢಿ. ಈಗ ಅಲ್ಲಿ ಸ್ಟೀಲಿನ ಲೋಟದಿಂದ ಹಿಡಿದು ಮಿಕ್ಸಿ, ಕೂಲರು, ಅಲ್ಮಾರಿ, ಮದುಮಗಳ ಜೊತೆ ಟೆಂಪೊದಲ್ಲಿ ಹೋಗುವ ಪೂರ್ತಿ ಸಾಮಾನಿನವರೆಗೆ ಎಲ್ಲ ಸಿಗುತ್ತದೆ. ನಮ್ಮ ಮನೆ ತುರ್ವಿಹಾಳದಲ್ಲಿ. ದಿನಾ ಬಸ್ಸಿಗೆ ಬಂದು ಬಸ್ಸಿಗೆ ಹೋಗುತ್ತೇನೆ. ಹೆಸರು ಸುಮಂಗಲಾ ಅಂತ ಇದ್ದರೂ ಅಂಗಡಿಯಲ್ಲಿ ಎಲ್ಲರಿಗೂ ನಾನು 'ಅಕ್ಕಾರು'. ನಮ್ಮ ಸಾಹುಕಾರರ ಹೆಸರು ಬಸವರಾಜಪ್ಪ. ದೊಡ್ಡ ಮೀಸೆ, ಮೆತ್ತನೆ ಮನಸ್ಸು, ಹಣೆತುಂಬ ವಿಭೂತಿ. ಸಿಂಧನೂರಿನ ಅಂಗಡಿ ಚೆನ್ನಾಗಿ ನಡೆದ ಮೇಲೆ ಲಿಂಗಸುಗೂರಿನಲ್ಲೊಂದು, ಮಸ್ಕಿಯಲ್ಲೊಂದು ತೆಗೆದರು. ಲಿಂಗಸುಗೂರಿನದನ್ನು ಶರಣಪ್ಪ ನೋಡಿಕೊಳ್ಳುತ್ತಾನೆ, ಮಸ್ಕಿಯದನ್ನು ಅನ್ನಪೂರ್ಣಾ. ಇವರಿಬ್ಬರೂ ಒಡಹುಟ್ಟಿದ ಅಣ್ಣ ತಂಗಿ. ಅನ್ನಪೂರ್ಣಾಳನ್ನು ಪಾಮನಕಲ್ಲೂರಿಗೆ ಕೊಟ್ಟಿದ್ದಾರೆ, ಅಲ್ಲಿಂದ ಮಸ್ಕಿಗೆ ಓಡಾಡುತ್ತಾಳೆ. ಇಬ್ಬರೂ ಕೆಲಸದಲ್ಲಿ ಒಬ್ಬರಿಗಿಂತ ಒಬ್ಬರು ಜೋರು. ಆದರೆ ಒಬ್ಬರ ಜೊತೆ ಒಬ್ಬರಿಗೆ ಮಾತಿಲ್ಲ.

ಮಾತು ನಿಂತ ಕಾರಣವನ್ನು ಕೇಳಿದರೆ ನೀವು ನಗುತ್ತೀರಿ. ನಾನೂ ಮೊದಲು ನಕ್ಕಿದ್ದೆ, ಆಮೇಲೆ ನಗು ಬರಲಿಲ್ಲ. ಶರಣಪ್ಪ ಲಿಂಗಸುಗೂರಿನಲ್ಲಿ ಮನೆ ಕಟ್ಟಿಸಿ ಪ್ರವೇಶ ಇಟ್ಟುಕೊಂಡಿದ್ದ. ಅನ್ನಪೂರ್ಣಾ ತನ್ನ ಅಂಗಡಿಯಿಂದಲೇ ಒಂದು ದೊಡ್ಡ ತಾಮ್ರದ ಹಂಡೆ ಕೊಂಡು, ಅರಿಸಿನ ಕುಂಕುಮ ಹಚ್ಚಿ, ಆಟೋದಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದಳು. ಬೀಗರು, ನೆಂಟರು ಎಲ್ಲ ನೆರೆದಿದ್ದರು. ಶರಣಪ್ಪನಿಗೆ ಖುಷಿ ಹೆಚ್ಚಾದಾಗ ಚಾಷ್ಟಿ, ತಮಾಷೆ ಮಾಡುವ ಚಾಳಿ. "ಏನವ್ವಾ, ಮಸ್ಕ್ಯಾಗ ಯಾರೂ ತಗೊಳ್ಳಲಾರದ್ದನ್ನ ಇಲ್ಲಿಗೆ ತಂದಿ ಏನು?" ಅಂದುಬಿಟ್ಟ. ಎಲ್ಲರೂ ಹೋ ಎಂದು ನಕ್ಕರು. ಅನ್ನಪೂರ್ಣಾ ನಗಲಿಲ್ಲ. ಹಂಡೆ ಕೆಳಗಿಟ್ಟು, ಉಣ್ಣದೆ ಹೊರಟುಹೋದಳು. ಅವನು ಕರೆಯಬೇಕಿತ್ತು, ಕರೆಯಲಿಲ್ಲ. ಅವಳು ತಿರುಗಿ ನೋಡಬೇಕಿತ್ತು, ನೋಡಲಿಲ್ಲ. ಅದಾದ ಮೇಲೆ ಎರಡು ನಾಗರಪಂಚಮಿ ಬಂದು ಹೋದವು, ಅನ್ನಪೂರ್ಣಾ ತವರಿಗೆ ಕಾಲಿಡಲಿಲ್ಲ. ನಮ್ಮ ಕಡೆ ಹೆಣ್ಣುಮಕ್ಕಳಿಗೆ ದೀಪಾವಳಿ ತಪ್ಪಿದರೂ ನಡೆದೀತು, ಪಂಚಮಿ ತಪ್ಪಬಾರದು. ಅಣ್ಣ ಬಂದು ಕರೆದುಕೊಂಡು ಹೋಗಬೇಕು, ಜೋಕಾಲಿ ಆಡಬೇಕು, ಬುಟ್ಟಿ ತುಂಬ ಉಂಡಿ ಕಟ್ಟಿಸಿಕೊಂಡು ಬರಬೇಕು. ಪಂಚಮಿಯ ವಾರ ಮಸ್ಕಿಯಿಂದ ಬರುತ್ತಿದ್ದ ಫೋನುಗಳಲ್ಲಿ ಅನ್ನಪೂರ್ಣಾಳ ಧ್ವನಿ ಬಹಳ ಬಿಗಿಯಾಗಿರುತ್ತಿತ್ತು.

ಅವರ ನಡುವೆ ಮಾತಿಲ್ಲದ್ದಕ್ಕೆ ನಡುವಿನ ಮಾತೆಲ್ಲ ನನ್ನ ತಲೆಗೆ ಬಂತು. "ಅಕ್ಕಾರ, ಮಸ್ಕಿಗೆ ಹೇಳ್ರಿ, ಕುಕ್ಕರಿನ ಗ್ಯಾಸ್ಕೆಟ್ ಕಳಸಬೇಕಂತ" ಎಂದು ಲಿಂಗಸುಗೂರು ಫೋನು ಹಚ್ಚುತ್ತಿತ್ತು. "ಅಕ್ಕಾರ, ಲಿಂಗಸುಗೂರಿಗೆ ಹೇಳ್ರಿ, ಕಳಿಸಿ ಭಾಳ ಹೊತ್ತಾತು, ಕಣ್ಣು ಬಿಟ್ಟು ನೋಡಬೇಕಂತ" ಎಂದು ಮಸ್ಕಿ ಉತ್ತರ ಕೊಡುತ್ತಿತ್ತು. ಇಬ್ಬರೂ ಒಬ್ಬರನ್ನೊಬ್ಬರು ಊರಿನ ಹೆಸರಿನಿಂದಲೇ ಕರೆಯುತ್ತಿದ್ದರು. ನಾನು ಮನೆಯಲ್ಲೂ "ಇವತ್ತು ಲಿಂಗಸುಗೂರಿಗೆ ಸಿಟ್ಟು ಬಂದಿತ್ತು" ಅನ್ನತೊಡಗಿದೆ. ನಮ್ಮನೆಯವರು ಹೈಸ್ಕೂಲಿನಲ್ಲಿ ಭೂಗೋಳ ಕಲಿಸುವವರು, ಗಾಬರಿಯಾಗಿ ಮುಖ ನೋಡುತ್ತಿದ್ದರು.

ಇಂಥ ಹೊತ್ತಿನಲ್ಲಿ ನಮ್ಮ ಸಾಹುಕಾರರು ರಾಯಚೂರಿನಲ್ಲಿ ಯಾರೋ ನೆಂಟರ ಶೋರೂಮಿಗೆ ಹೋಗಿ ಬಂದರು. ಅಲ್ಲಿ ಗೋಡೆಯ ಮೇಲೆ ದೊಡ್ಡ ಟಿವಿ, ಟಿವಿಯಲ್ಲಿ ವ್ಯಾಪಾರದ ಲೆಕ್ಕವೆಲ್ಲ ಕೆಂಪು ಹಸಿರು ಕಂಬಗಳಾಗಿ ನಿಂತಿರುವುದನ್ನು ನೋಡಿ ಅವರಿಗೆ ಊಟ ಸೇರಲಿಲ್ಲವಂತೆ. "ಸುಮಂಗಲಾ, ಯಾವ ಅಂಗಡ್ಯಾಗ ಯಾವ ಮಾಲು ಓಡ್ತದ, ಯಾವುದು ಧೂಳು ತಿಂತದ, ಎಲ್ಲಾ ಕುಂತಲ್ಲೇ ಕಾಣಸ್ತದ" ಎಂದು ಕಣ್ಣರಳಿಸಿ ಹೇಳಿದರು. ವರದಿ ತೋರಿಸುವ ಸಾಫ್ಟ್‌ವೇರು ಅದು. ಹುಬ್ಬಳ್ಳಿಯಿಂದ ಅದನ್ನು ಮಾರುವವನೊಬ್ಬ ಟೈ ಕಟ್ಟಿಕೊಂಡು ನಮ್ಮ ಬಿಸಿಲಿಗೆ ಬಂದ. ಮೊದಲು ಎರಡು ಲೋಟ ನೀರು ಕುಡಿದ, ಆಮೇಲೆ ಟೈ ಸಡಿಲಿಸಿದ, ಆಮೇಲೆ ಕೇಳಿದ: "ಸರ್, ಎಷ್ಟು ಯೂಸರ್ ಬೇಕು?"

"ಹಂಗಂದ್ರ?"

"ಎಷ್ಟು ಮಂದಿ ನೋಡೋರು ಅಂತ ಸರ್. ಒಬ್ಬೊಬ್ಬರಿಗೆ ಒಂದೊಂದು ಲೈಸೆನ್ಸ್."

ಸಾಹುಕಾರರು ಹೌಹಾರಿದರು. "ಬಂದೂಕಿಗೆ ಲೈಸೆನ್ಸ್ ಕೇಳೀನಿ, ಗಾಡಿಗೆ ಕೇಳೀನಿ. ನನ್ನ ದುಕಾನದ ವ್ಯಾಪಾರ ನಾ ನೋಡಾಕೂ ಲೈಸೆನ್ಸಾ?"

"ನಿಮ್ಮ ವ್ಯಾಪಾರಕ್ಕಲ್ಲ ಸರ್, ನಮ್ಮ ಸಾಫ್ಟ್‌ವೇರಿಗೆ."

"ಹಂಗಾರ ಒಂದು ಕೊಡ್ರಿ. ನಮ್ಮದೆಲ್ಲಾ ಒಂದೇ ಮನಿ ಇದ್ದಂಗ."

ಒಂದೇ ಮನೆ! ಆ ಮನೆಯ ಅಣ್ಣ ತಂಗಿಯ ನಡುವೆ ಫೋನು ಹಿಡಿದು ನಿಂತವಳು ನಾನು. ಆದರೂ ಬಾಯಿ ತೆರೆಯಲಿಲ್ಲ. ಷರತ್ತುಗಳು ತೆರೆಯ ಮೇಲೆ ಬಂದವು. ಅವುಗಳಲ್ಲಿ ಎಲ್ಲೋ ಒಂದು ಕಡೆ, ಈ ಲೈಸೆನ್ಸು ಹೆಸರಿರುವ ಒಬ್ಬನೇ ಮನುಷ್ಯನಿಗೆ ಸೇರಿದ್ದು, ಬೇರೆಯವರು ಬಳಸಬಾರದು ಎಂದು ಬರೆದಿತ್ತಂತೆ. ನನಗೆ ಕಂಡದ್ದು ಕೆಳಗಿನ ಪುಟ್ಟ ಚೌಕ ಮಾತ್ರ. ಒತ್ತಿದೆ. 'ಸ್ವಾಗತ, ಬಸವರಾಜಪ್ಪ' ಎಂದಿತು ಕಂಪ್ಯೂಟರು. ಸಾಹುಕಾರರು ಎದ್ದು ನಿಂತು ಕೈ ಮುಗಿದರು.

ಪಾಸ್‌ವರ್ಡನ್ನು ಸಾಹುಕಾರರು ಫೋನಿನಲ್ಲಿ ಲಿಂಗಸುಗೂರಿಗೂ ಮಸ್ಕಿಗೂ ಎಷ್ಟು ಜೋರಾಗಿ ಹೇಳಿದರೆಂದರೆ ಎದುರಿನ ಚಹಾದಂಗಡಿಯವನಿಗೂ ಬಾಯಿಪಾಠವಾಗಿರಬೇಕು. ಅಲ್ಲಿಂದ ನಾವು ಮೂವರೂ ಬಸವರಾಜಪ್ಪಗಳಾದೆವು. ಸಾಫ್ಟ್‌ವೇರು ನಿಜಕ್ಕೂ ಚೆನ್ನಾಗಿತ್ತು, ಸುಳ್ಳು ಹೇಳಬಾರದು. ಗಿರಾಕಿ ಬಂದು ಇಂಥ ಬಣ್ಣದ ಅಲ್ಮಾರಿ ಬೇಕೆಂದರೆ ಯಾವ ಊರಿನ ಗೋದಾಮಿನಲ್ಲಿದೆಯೆಂದು ಅಲ್ಲೇ ಕಾಣುತ್ತಿತ್ತು. ಮುಂಚೆ ಆಗಿದ್ದರೆ "ನಾಳೆ ಬರ್ರಿ" ಎಂದು ಕಳಿಸುತ್ತಿದ್ದೆವು, ಅವರು ನಾಳೆ ಬೇರೆ ಅಂಗಡಿಗೆ ಹೋಗುತ್ತಿದ್ದರು. ತೊಂದರೆ ಒಂದೇ. ಒಳಗೆ ಒಬ್ಬರಿಗೇ ಜಾಗ. ಒಬ್ಬ ಬಸವರಾಜಪ್ಪ ಒಳಗೆ ಹೋದರೆ ಮೊದಲೇ ಇದ್ದ ಬಸವರಾಜಪ್ಪನ ತೆರೆ ಬೆಳ್ಳಗಾಗಿ, 'ನಿಮ್ಮ ಖಾತೆಯನ್ನು ಬೇರೊಂದು ಕಡೆ ತೆರೆಯಲಾಗಿದೆ' ಎಂದು ಬಂದು ಕತ್ತು ಹಿಡಿದು ಹೊರಗೆ ನೂಕುತ್ತಿತ್ತು. ಹೊರಬಿದ್ದವರು ಸುಮ್ಮನಿರುತ್ತಾರೆಯೇ? ಮತ್ತೆ ಒಳಗೆ ನುಗ್ಗುತ್ತಿದ್ದರು, ಆಗ ಒಳಗಿದ್ದವರು ಹೊರಗೆ. ಇಡೀ ದಿನ ಲಿಂಗಸುಗೂರು ಮಸ್ಕಿಯನ್ನೂ ಮಸ್ಕಿ ಲಿಂಗಸುಗೂರನ್ನೂ ನೂಕಾಡುತ್ತ, ನಡುನಡುವೆ ನನ್ನನ್ನೂ ನೂಕುತ್ತ, ಆಮೇಲೆ ಇಬ್ಬರೂ ನನಗೇ ಫೋನು ಮಾಡುತ್ತಿದ್ದರು. "ಅಕ್ಕಾರ, ಮಸ್ಕಿಗೆ ಹೊರಗ ಬರಾಕ ಹೇಳ್ರಿ." "ಅಕ್ಕಾರ, ಲಿಂಗಸುಗೂರಿಗೆ ತಡೀಯಾಕ ಹೇಳ್ರಿ." ಬಸ್ ಸ್ಟ್ಯಾಂಡಿನಲ್ಲಿ ಕೂಗಿ ಹೇಳುವವನಾದರೂ ನಡುವೆ ಎಲೆಅಡಿಕೆ ಹಾಕಿಕೊಳ್ಳುತ್ತಾನೆ, ನನಗೆ ಅದಕ್ಕೂ ಬಿಡುವಿರಲಿಲ್ಲ.

ಬೇಸಿಗೆ ಬಂತು. ಬೇಸಿಗೆಯೆಂದರೆ ನಮಗೆ ಲಗ್ನ ಮತ್ತು ಕೂಲರು. ಕೂಲರು ಮಾರುವಾಗ ಅದರ ಮುಂದೆ ನಿಂತು "ನೋಡ್ರಿ ಹೆಂಗ ಗಾಳಿ ಬರ್ತೈತಿ" ಎಂದು ತೋರಿಸಬೇಕಲ್ಲ, ಹೊರಗಿನ ಬಿಸಿಲಿನಿಂದ ಬಂದು ಅದರ ಮುಂದೆ ನಿಂತು, ಫ್ರಿಜ್ಜಿನ ನೀರು ಕುಡಿದು, ದಿನವೆಲ್ಲ ಎರಡೂರಿನ ಮಾತು ಸಾಗಿಸಿ, ಒಂದು ಬೆಳಿಗ್ಗೆ ಎದ್ದು ನೋಡಿದರೆ ನನ್ನ ಗಂಟಲಿನಿಂದ ಧ್ವನಿಯೇ ಹೋಗಿತ್ತು. ಬಾಯಿ ತೆರೆದರೆ 'ಹ್' ಎಂಬ ಗಾಳಿ ಮಾತ್ರ. ಡಾಕ್ಟರು ಒಂದು ವಾರ ಮಾತಾಡಕೂಡದು ಎಂದರು. ನಮ್ಮನೆಯವರು ಆ ಚೀಟಿಯನ್ನು ಜೋಪಾನವಾಗಿ ಮಡಚಿ ಕಿಸೆಯಲ್ಲಿಟ್ಟುಕೊಂಡದ್ದನ್ನು ನಾನು ಮರೆತಿಲ್ಲ. ರಜೆ ಹಾಕಬಹುದಿತ್ತು. ಆದರೆ ಲಗ್ನದ ದಿನಗಳಲ್ಲಿ ಸಾಹುಕಾರರ ಮುಖ ನೋಡಿ ಮನೆಯಲ್ಲಿ ಕೂರಲು ಮನಸ್ಸಾಗಲಿಲ್ಲ. ಕೊರಳಿಗೆ ಟವೆಲು ಸುತ್ತಿಕೊಂಡು ಬಂದೆ.

ಮಧ್ಯಾಹ್ನ ಶರಣಪ್ಪನ ಫೋನು ಬಂತು. ಎತ್ತಿ 'ಹ್' ಎಂದೆ. ಅವನು ಗಡಿಬಿಡಿಯಲ್ಲಿದ್ದ. ಲಗ್ನದವರು ದೊಡ್ಡ ಕೂಲರು ಕೇಳುತ್ತಿದ್ದಾರೆ, ತನ್ನಲ್ಲಿ ಮುಗಿದಿವೆ, ಎಲ್ಲಿವೆಯೆಂದು ನೋಡಲು ಒಳಗೆ ಹೋದರೆ ಮಸ್ಕಿ ಹೊರಗೆ ಹಾಕುತ್ತಿದೆ. ಅಷ್ಟರಲ್ಲಿ ಅನ್ನಪೂರ್ಣಾಳ ಫೋನೂ ಬಡಿದುಕೊಂಡಿತು. ನಾನು ಏನು ಮಾಡಲಿ? ಹೇಳಲು ಧ್ವನಿಯಿಲ್ಲ, ಬರೆದು ಕಳಿಸಲು ಮುಂದೆ ನಿಂತ ಗಿರಾಕಿಗಳು ಬಿಡುತ್ತಿಲ್ಲ. ಫೋನಿನಲ್ಲಿ ಇಬ್ಬರನ್ನೂ ಒಂದೇ ಕರೆಗೆ ಸೇರಿಸುವ ಗುಂಡಿ ಇತ್ತು. ಅದನ್ನು ಹಿಂದೆಂದೂ ಮುಟ್ಟಿರಲಿಲ್ಲ. ಒತ್ತಿಬಿಟ್ಟೆ.

"ಅಕ್ಕಾರ, ಅವರಿಗೆ ಸ್ವಲ್ಪ ಹೊರಗ ಬರಾಕ ಹೇಳ್ರಿ," ಎಂದ ಶರಣಪ್ಪ.

"ಅಕ್ಕಾರ, ನಾ ಈಗರ ಒಳಗ ಬಂದೀನಿ ಅಂತ ಹೇಳ್ರಿ," ಎಂದಳು ಅನ್ನಪೂರ್ಣಾ.

"ಹ್," ಎಂದೆ ನಾನು.

"ನನ್ನ ಮುಂದ ಲಗ್ನದ ಮಂದಿ ಕುಂತಾರ, ಟೆಂಪೊ ಹಚ್ಚಿ ನಿಂತಾರ ಅಂತ ಹೇಳ್ರಿ."

"ನನ್ನ ಮುಂದೂ ಮಂದಿನ ಕುಂತಾರ, ಗೊಂಬಿ ಕುಂತಿಲ್ಲ ಅಂತ ಹೇಳ್ರಿ."

"ಹ್."

ಲಿಂಗಸುಗೂರಿನ ಕಡೆಯಿಂದ ಟೆಂಪೊದವನು ಹಾರ್ನು ಹೊಡೆಯುವುದು ಕೇಳಿಸುತ್ತಿತ್ತು. ಕೊನೆಗೆ ಅನ್ನಪೂರ್ಣಾ ಗೋಡೆಗೆ ಹೇಳುವವಳಂತೆ ಅಂದಳು: "ಅಕ್ಕಾರಿಗೆ ಧ್ವನಿ ಬಿದ್ದೈತಿ. ಯಾರಿಗೆ ಹೇಳಾಕತ್ತಾರೋ ಏನೋ."

"ಮತ್ತ ಯಾರಿಗೆ ಹೇಳ್ಬೇಕು?"

"ಯಾರಿಗೆ ಹೇಳ್ಬೇಕೋ ಅವರಿಗೆ ಹೇಳ್ಬೇಕು."

ನನ್ನ ಮುಂದೆ ನಿಂತಿದ್ದ ಹೆಂಗಸು ತಟ್ಟೆಯ ಬೆಲೆ ಕೇಳಿದ್ದಕ್ಕೆ ಬಾಯ ಮೇಲೆ ಬೆರಳಿಟ್ಟು ತೋರಿಸಿದೆ. ಆಕೆ ಯಾಕೋ ಹೆದರಿ ತಟ್ಟೆ ಕೆಳಗಿಟ್ಟಳು.

"ಅನ್ನಪೂರ್ಣಾ," ಎಂದ ಶರಣಪ್ಪ. ಬಹಳ ದಿನ ಮುಚ್ಚಿಟ್ಟ ಅಲ್ಮಾರಿಯ ಬಾಗಿಲಿನ ಹಾಗೆ ಆ ಹೆಸರು ಕಿರುಗುಟ್ಟಿತು. "ಹೊರಗ ಬಾರವ್ವ ಸ್ವಲ್ಪ."

"ಏನು ಬೇಕಾಗೈತಿ ನಿನಗ?"

"ದೊಡ್ಡ ಕೂಲರು ನಾಕು ಬೇಕಾಗ್ಯಾವ. ಸಿಂಧನೂರಾಗ ಅದಾವೋ ಇಲ್ಲೋ ನೋಡ್ಬೇಕು."

"ಸಿಂಧನೂರಿಗೆ ಯಾಕ ಹೋಗ್ತಿ? ನನ್ನ ಹತ್ರನ ಅದಾವ. ಅವರ ಊರು ಯಾವ ಕಡೆ?"

"ಮಸ್ಕಿ ದಾಟೇ ಹೋಗ್ಬೇಕು ಅವರು."

"ಹಂಗಾರ ಇಲ್ಲೇ ನಿಂದರಾಕ ಹೇಳು. ತಗದಿಡ್ತೀನಿ."

ಇಷ್ಟಕ್ಕೇ ಫೋನಿಟ್ಟಿದ್ದರೆ ಆಗುತ್ತಿತ್ತು. ಆದರೆ ಶರಣಪ್ಪ ವ್ಯಾಪಾರಿ. ಬಾಯಿಯ ರೂಢಿ ಬಿಡಲಿಲ್ಲ. "ಮಾಲು ಚಲೋ ಅದಾವಲ್ಲ?" ಎಂದ.

ಮುಗಿಯಿತು, ಇನ್ನು ಹತ್ತು ಪಂಚಮಿ ಹೋದವು ಅಂದುಕೊಂಡೆ. ನಡುವೆ ಬಂದು ಮಾತು ತಿರುಗಿಸೋಣವೆಂದರೆ ಗಂಟಲಿನಿಂದ ಗಾಳಿಯೂ ಬರಲಿಲ್ಲ. ಆಮೇಲೆ ಅನ್ನಪೂರ್ಣಾಳ ಧ್ವನಿ ಬಂತು: "ಮಸ್ಕ್ಯಾಗ ಯಾರೂ ತಗೊಳ್ಳಲಾರದ್ದು ಅಂತ ಹೇಳೇ ಕಳಸು."

ಮೊದಲು ಶರಣಪ್ಪನ ಮೂಗಿನಿಂದ ಏನೋ ಸದ್ದು ಬಂತು. ಅದು ನಗುವೋ ಅಳುವೋ ಗೊತ್ತಾಗಲಿಲ್ಲ. ಆಮೇಲೆ ಅವಳ ಕಡೆಯಿಂದಲೂ ಅಂಥದ್ದೇ ಸದ್ದು ಬಂತು. ಇಬ್ಬರೂ ಬೇಕೆಂದೇ ಕೆಮ್ಮಿ ಫೋನಿಟ್ಟರು. ನಾನು ಟವೆಲಿನ ತುದಿಯಿಂದ ಕಣ್ಣೊರೆಸಿಕೊಂಡೆ. ತಟ್ಟೆಯ ಹೆಂಗಸು ಪಕ್ಕದವಳಿಗೆ, "ಗಂಟಲು ಭಾಳ ನೋಯಾಕತ್ತಿರಬೇಕು ಪಾಪ" ಎಂದಳು.

ಅಂದಿನಿಂದ ನನ್ನ ಫೋನು ತಣ್ಣಗಾಯಿತು. ನನ್ನ ಧ್ವನಿ ಮರಳಿದ ಮೇಲೂ ಅವರಿಬ್ಬರೂ ನೇರವಾಗಿಯೇ ಮಾತಾಡಿಕೊಳ್ಳತೊಡಗಿದರು. ಮೊದಮೊದಲು ಎರಡೇ ಶಬ್ದ: "ಹೊರಗ ಬಾ", "ಬಂದೆ". ಆಮೇಲೆ ಅದಕ್ಕೆ ಬಾಲ ಬೆಳೆಯಿತು. "ಹೊರಗ ಬಾ, ಊಟ ಆತೇನು?" "ಬಂದೆ, ರೊಟ್ಟಿ ತಿನ್ನಾಕತ್ತೀನಿ." "ಪಲ್ಯ ಏನು?" ಇದೆಲ್ಲ ನನಗೆ ಹೇಗೆ ಗೊತ್ತೆಂದರೆ ಅನ್ನಪೂರ್ಣಾ ಸಂಜೆ ನನಗೆ ವರದಿ ಒಪ್ಪಿಸುತ್ತಿದ್ದಳು. ಒಂದು ದಿನ ಸಂಕೋಚದಿಂದ, "ಅಕ್ಕಾರ, ಇವತ್ತು ಅಣ್ಣನ್ನ ಬೇಕಂತನ ಹೊರಗ ಹಾಕಿದೆ. ಭಾಳ ಹೊತ್ತಾಗಿತ್ತು ಫೋನ್ ಮಾಡಿರಲಿಲ್ಲ ಅವ" ಎಂದಳು. ಮೂರೂರಿನ ವ್ಯಾಪಾರಕ್ಕೆ ಒಂದೇ ಲೈಸೆನ್ಸು ಕೊಂಡ ನಮ್ಮ ಸಾಹುಕಾರರ ಬುದ್ಧಿ ನನಗೆ ಆಗ ದೈವಪ್ರೇರಣೆಯಂತೆ ಕಂಡಿತು.

ಮಳೆಗಾಲ ಹಿಡಿದು ಕಾಲುವೆಗೆ ನೀರು ಬಿಡುವ ಮಾತು ಊರಲ್ಲಿ ಶುರುವಾದಾಗ ಸಾಫ್ಟ್‌ವೇರ್ ಕಂಪನಿಯಿಂದ ಒಬ್ಬ ಹುಡುಗಿ ಫೋನು ಮಾಡಿದಳು. ಬಹಳ ಮೃದುವಾದ ಮಾತು. "ಮೇಡಂ, ನಿಮ್ಮ ಬಸವರಾಜಪ್ಪ ಸರ್ ಬಗ್ಗೆ ಸ್ವಲ್ಪ ಕೇಳೋದಿತ್ತು. ಅವರು ಸಿಂಧನೂರಿನಲ್ಲಿ ರಿಪೋರ್ಟ್ ನೋಡ್ತಾರೆ. ಅದೇ ನಿಮಿಷದಲ್ಲಿ ಮಸ್ಕಿಯಲ್ಲೂ ನೋಡ್ತಾರೆ. ತಕ್ಷಣ ಲಿಂಗಸುಗೂರಿನಲ್ಲಿರ್ತಾರೆ. ಇದು ಹೇಗೆ ಮೇಡಂ?"

"ನಮ್ಮ ಸಾವ್ಕಾರ್ರಿಗೆ ಓಡಾಟ ಭಾಳ ರೀ," ಎಂದೆ.

"ಒಂದೇ ನಿಮಿಷದಲ್ಲಾ?"

"ರಸ್ತೆ ಈಗ ಚಲೋ ಆಗೈತ್ರಿ."

ಹುಡುಗಿ ನಕ್ಕುಬಿಟ್ಟಳು. ನಕ್ಕವರ ಮುಂದೆ ಸುಳ್ಳು ನಿಲ್ಲುವುದಿಲ್ಲ, ನಾನೂ ನಕ್ಕು ಇದ್ದದ್ದು ಹೇಳಿದೆ. ಅವಳು ಜಗಳಾಡಲಿಲ್ಲ. ಒಂದು ಲೈಸೆನ್ಸನ್ನು ಮೂವರು ಬಳಸುವಂತಿಲ್ಲ, ನೀವೇ ಒಪ್ಪಿದ್ದೀರಿ, ತಿಂಗಳು ಮುಗಿಯುವುದರೊಳಗೆ ಇನ್ನೆರಡು ತೆಗೆದುಕೊಳ್ಳಿ, ಇಲ್ಲದಿದ್ದರೆ ಖಾತೆ ಮುಚ್ಚಬೇಕಾಗುತ್ತದೆ ಎಂದು ತಿಳಿಸಿ ಹೇಳಿದಳು. ನೀವೇ ಒಪ್ಪಿದ್ದೀರಿ ಎಂದಾಗ ನನ್ನ ತೋರುಬೆರಳು ಸುಮ್ಮನೆ ಮಡಚಿಕೊಂಡಿತು.

ಸಾಹುಕಾರರು ಕೇಳಿ ಕೆಂಡವಾದರು. "ನಾವು ಕುಕ್ಕರ್ ಮಾರ್ತೀವಿ. ಒಂದು ಕುಕ್ಕರ್ ಒಯ್ದು ಮೂರು ಮನಿಯವರು ಅಡಿಗಿ ಮಾಡ್ಕೊಂಡ್ರ, ಬ್ಯಾಡ ಅಂತ ನಾವು ಓಡಿ ಹೋಗ್ತೀವೇನು? ಮುಚ್ಚಿದ್ರ ಮುಚ್ಚಲಿ. ಮೊದಲು ಇದಿಲ್ಲದ ವ್ಯಾಪಾರ ಮಾಡಿಲ್ಲೇನು?"

ನನ್ನ ಪರಿಸ್ಥಿತಿ ನೋಡಿ. ಖಾತೆ ಮುಚ್ಚಿದರೆ ಒಳಗೆ ಹೊರಗೆ ಎಂಬ ಮಾತೇ ಇರುವುದಿಲ್ಲ. ಮೂರು ಲೈಸೆನ್ಸು ಬಂದರೆ ಯಾರೂ ಯಾರನ್ನೂ ಹೊರಗೆ ಕರೆಯಬೇಕಾಗಿಲ್ಲ. ಎರಡರಲ್ಲಿ ಯಾವುದಾದರೂ ಅಣ್ಣ ತಂಗಿಯ ಫೋನು ನಿಂತ ಹಾಗೆಯೇ. ಪಂಚಮಿ ಇನ್ನು ಬಹಳ ದೂರವಿರಲಿಲ್ಲ, ಅವರಿಬ್ಬರ ಮಾತು ಇನ್ನೂ ಪಲ್ಯದ ತನಕ ಮಾತ್ರ ಬಂದಿತ್ತು. ಸುಮ್ಮನೆ ತಿಂಗಳು ತಳ್ಳಿಬಿಡೋಣ ಎಂದು ಒಂದು ರಾತ್ರಿ ಯೋಚಿಸಿದೆ. ಆದರೆ ಬೆಳಿಗ್ಗೆ ಬಸ್ಸಿನಲ್ಲಿ ಬರುವಾಗ, ಇನ್ನೊಬ್ಬರು ಮಾಡಿದ ಸಾಮಾನನ್ನು ಕದ್ದು ಬಳಸುತ್ತ ಮನೆತನ ಕೂಡಿಸುತ್ತೇನೆ ಎನ್ನುವುದು ನನಗೇ ನಾಚಿಕೆಯೆನಿಸಿತು. ಅಂಗಡಿಗೆ ಬಂದವಳೇ ಸಾಹುಕಾರರ ಮುಂದೆ ನಿಂತೆ.

"ಇದು ಕುಕ್ಕರ್ ಅಲ್ರಿ ಸಾವ್ಕಾರ್ರ, ಬಸ್ ಪಾಸ್ ಇದ್ದಂಗ. ನನ್ನ ಪಾಸಿನ ಮ್ಯಾಲ ನನ್ನ ಹೆಸರೈತಿ, ಫೋಟೋ ಐತಿ. ಅದನ್ನ ತೋರಿಸಿ ಮೂರು ಮಂದಿ ಹತ್ತಿದ್ರ ಕಂಡಕ್ಟರ್ ಸುಮ್ನಿರ್ತಾನೇನ್ರಿ?"

"ನೀ ಯಾರ ಕಡೆ? ನಮ್ಮ ಕಡೆನೋ ಅವರ ಕಡೆನೋ?"

"ನಾ ನಿಮ್ಮ ಕಡೆನ ರೀ. ಈ ಬ್ಯಾಸಿಗ್ಯಾಗ ಒಬ್ಬ ಗಿರಾಕಿನೂ ಮಾಲಿಲ್ಲ ಅಂತ ಹೊಳ್ಳಿ ಹೋಗಿಲ್ಲ. ಅದನ್ನ ಬಿಡಾಕ ಮನಸ್ಸು ಬರ್ತೈತೇನ್ರಿ ನಿಮಗ?"

ಸಾಹುಕಾರರು ಮೀಸೆ ತೀಡಿದರು. ನನ್ನ ಕಂಪ್ಯೂಟರಿನ ತೆರೆಯಲ್ಲಿ ಹಸಿರು ಕಂಬಗಳು ನಿಂತಿದ್ದವು. ಅವನ್ನು ಮಗ್ಗದ ಸೀರೆ ನೋಡುವವರ ಹಾಗೆ ಮೇಲಿಂದ ಕೆಳಗೆ ನೋಡಿದರು. "ತಗೋ ಹಂಗಾರ. ಆದ್ರ ಈ ಸಲ ಎಲ್ಲಾ ಓದಿ ಒಪ್ಪು" ಎಂದರು. ನಾನು ಓದಿದೆ. ಪೂರ್ತಿ ಮಧ್ಯಾಹ್ನ ಹಿಡಿಯಿತು. ಅರ್ಧ ತಿಳಿಯಿತು, ಅರ್ಧ ತಿಳಿದವರ ಹಾಗೆ ತಲೆಯಾಡಿಸಿದೆ.

ಹೊಸ ಲೈಸೆನ್ಸು ಬಂದ ಮರುದಿನ ಸಾಹುಕಾರರು ನನ್ನನ್ನು ಮಸ್ಕಿಗೆ ಕಳಿಸಿದರು, ಅನ್ನಪೂರ್ಣಾಳಿಗೆ ಏನಾದರೂ ತೊಡಕಾದರೆ ನೋಡಲಿ ಅಂತ. ನಾನು ಹೋಗುವಷ್ಟರಲ್ಲಿ ಅವಳು ಎಲ್ಲ ಮುಗಿಸಿ ಕೂತಿದ್ದಳು. ಅವಳ ತೆರೆಯ ಮೇಲೆ 'ಸ್ವಾಗತ, ಅನ್ನಪೂರ್ಣಾ' ಎಂದಿತ್ತು. ಚೆಂದ ಕಾಣುತ್ತಿತ್ತು. ಆದರೆ ಅವಳ ಮುಖ ಚೆಂದ ಇರಲಿಲ್ಲ. ಮೇಜಿನ ಮೇಲೆ ಫೋನು ಸುಮ್ಮನೆ ಬಿದ್ದಿತ್ತು. ಆಗಾಗ ಅದನ್ನು ತಿರುವಿ ನೋಡುತ್ತಿದ್ದಳು. "ಈಗ ಆರಾಮಾತಲ್ರಿ ಅಕ್ಕಾರ, ಯಾರೂ ಹೊರಗ ಹಾಕಂಗಿಲ್ಲ" ಎಂದಳು. ಹೇಳುವ ಧಾಟಿ ನೋಡಿದರೆ ಅವಳನ್ನು ಯಾರೋ ಆಗಲೇ ಹೊರಗೆ ಹಾಕಿದಂತಿತ್ತು. ನಾನು ಚಹಾ ಕುಡಿದೆ. ಇನ್ನೊಂದು ಚಹಾ ತರಿಸಿದೆ.

ಆಗ ಅಂಗಡಿಯ ಮುಂದೆ ಲಿಂಗಸುಗೂರಿನ ನಮ್ಮ ಸಾಮಾನಿನ ಗಾಡಿ ಬಂದು ನಿಂತಿತು. ಡ್ರೈವರ್ ಪಕ್ಕದಿಂದ ಶರಣಪ್ಪ ಇಳಿದ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಕೊರಳಲ್ಲಿ ಹೊಸ ಶಲ್ಯ. ಮೆಟ್ಟಿಲ ಕೆಳಗೇ ನಿಂತ. ಆ ಅಂಗಡಿಗೆ ಅವನು ಬಂದದ್ದು ಅದೇ ಮೊದಲಿರಬೇಕು, ಬೋರ್ಡನ್ನು ಎರಡೆರಡು ಸಲ ಓದಿದ. ನನ್ನನ್ನು ಕಂಡು, "ಅಕ್ಕಾರೂ ಇಲ್ಲೇ ಅದಾರಲ್ಲ" ಎಂದು ಇನ್ನಷ್ಟು ತಡವರಿಸಿದ. ಆಮೇಲೆ ತಂಗಿಯ ಕಡೆ ನೋಡದೆ, ಅಲ್ಲಿ ಸಾಲಾಗಿದ್ದ ಕೊಡಗಳನ್ನು ನೋಡುತ್ತ ಅಂದ: "ಹೊಸಾ ಪಾಸ್‌ವರ್ಡ್ ಬಂದೈತಲ್ಲ... ಅದನ್ನ ಹಾಕಿಕೊಟ್ಟು ಹೋಗೂಣು ಅಂತ ಬಂದೆ."

"ಅದನ್ನ ನಾ ಬೆಳಿಗ್ಗೇನ ಹಾಕ್ಕೊಂಡೀನಿ," ಎಂದಳು ಅನ್ನಪೂರ್ಣಾ.

"ಹೌದಾ?"

"ಹೂಂ."

ಅವನು ತಂದಿದ್ದ ಒಂದೇ ನೆಪ ಅದು. ಅದೂ ಕೈಬಿಟ್ಟಿತು. ನಾನು ಚಹಾದ ಲೋಟದೊಳಗೆ ಮುಖವಿಟ್ಟುಕೊಂಡು ಕೂತೆ. ನನಗೆ ಆಗ ಪೂರ್ತಿ ಧ್ವನಿಯಿತ್ತು, ಆದರೂ ಬಾಯಿ ತೆರೆಯಲಿಲ್ಲ.

"ಅವತ್ತ ನಾ ಹಂಗ ಅನ್ನಬಾರದಿತ್ತವ್ವಾ," ಎಂದ ಶರಣಪ್ಪ. "ಅಂದ ಮ್ಯಾಲ ಹಿಂದ ಓಡಿ ಬರಬೇಕಿತ್ತು. ಬೀಗರು ಕುಂತಿದ್ರು, ಅದಕ್ಕ ನಾಚಿಕಿ ಬಂತು. ಆಮ್ಯಾಲ ದಿನಾ ಹೋದಂಗೆಲ್ಲಾ ಇನ್ನೂ ನಾಚಿಕಿ ಆತು. ನಿಮ್ಮ ವೈನಿ ಉಂಡಿ ಕಟ್ಟಾಕ ಕುಂತಾಳ. ಅನ್ನಪೂರ್ಣಾನ್ನ ಕರಕೊಂಡು ಬರದಿದ್ರ ಮನಿಗೆ ಬರಬ್ಯಾಡ ಅಂದಾಳ. ಪಂಚಮಿಗೆ ಬರ್ತೀಯಿಲ್ಲೋ?"

ಅನ್ನಪೂರ್ಣಾ ಎದ್ದು ನಿಂತಳು. ಕಣ್ಣಲ್ಲಿ ನೀರಿತ್ತು, ಆದರೆ ಮಾತು ಹರಿತವಾಗಿಯೇ ಬಂತು. "ಎರಡು ವರ್ಷ ಆತು ಕರಿಯಾಕ ಬಂದಿಲ್ಲ. ಈಗ ಬಂದು ಮೆಟ್ಲ ಕೆಳಗ ನಿಂತಾನ. ಒಳಗ ಬಾ ಮೊದಲ. ನೀರು ಕುಡಿ."

ಅವನು ಒಳಗೆ ಬಂದ. ಅವಳು ನೀರು ತರಲು ಹೋದವಳು ಒಳಗೇ ಸ್ವಲ್ಪ ಹೊತ್ತು ನಿಂತಳು. ಬಂದಾಗ ಮುಖ ತೊಳೆದುಕೊಂಡಿದ್ದಳು. ಆ ಪಂಚಮಿಗೆ ಅವಳು ತವರಿಗೆ ಹೋದಳು. ಜೋಕಾಲಿಯ ಮೇಲೆ ನಿಂತ ಅವಳ ಫೋಟೋವನ್ನು ಶರಣಪ್ಪ ನನಗೆ ಕಳಿಸಿದ. ಹಿಂದೆ ನಿಂತು ಜೀಕುತ್ತಿದ್ದವನ ಕೈ ಮಾತ್ರ ಅದರಲ್ಲಿ ಬಂದಿತ್ತು.

ಕಥೆ ಇಲ್ಲಿಗೇ ಮುಗಿದಿದ್ದರೆ ನನ್ನ ಮಾನ ಉಳಿಯುತ್ತಿತ್ತು. ಈಚೆಗೆ ಲೈಸೆನ್ಸು ನವೀಕರಿಸುವ ಹೊತ್ತಿಗೆ ಅದೇ ಮೃದು ಮಾತಿನ ಹುಡುಗಿ ಫೋನು ಮಾಡಿದಳು. ಸಾಹುಕಾರರು ಪಕ್ಕದಲ್ಲೇ ಕೂತಿದ್ದರು, ಅವರೂ ಕೇಳಲಿ ಎಂದು ಸ್ಪೀಕರು ಹಾಕಿದ್ದೆ. "ಮೇಡಂ, ಲಿಂಗಸುಗೂರು ಮತ್ತು ಮಸ್ಕಿ ತುಂಬಾ ಚೆನ್ನಾಗಿ ಬಳಸ್ತಿದ್ದಾರೆ. ಆದರೆ ಮೂರನೇ ಲೈಸೆನ್ಸನ್ನು ತೆಗೆದುಕೊಂಡಾಗಿನಿಂದ ಯಾರೂ ತೆರೆದೇ ಇಲ್ಲ. ಅದನ್ನು ಬಿಟ್ಟುಬಿಡೋಣವಾ?" ಸಾಹುಕಾರರು ನನ್ನ ಕಡೆ ತಿರುಗಿದರು. ಅವರ ಹೆಸರಿನ ಹಳೆಯದು ಶರಣಪ್ಪನ ಹೆಸರಿಗಾಗಿತ್ತು, ಹೊಸವೆರಡರಲ್ಲಿ ಒಂದು ಅನ್ನಪೂರ್ಣಾಳದು, ಮೂರನೆಯದು ನನ್ನದು. ನಾನು ತೆರೆಯಬಾರದೆಂದು ಹಟ ಹಿಡಿದಿರಲಿಲ್ಲ. ಏನಾದರೂ ಬೇಕಾದಾಗ ಅನ್ನಪೂರ್ಣಾಳನ್ನೋ ಶರಣಪ್ಪನನ್ನೋ ಕೇಳಿದರೆ ಆಗುತ್ತಿತ್ತು, ಅವರು ಹೇಳುತ್ತಿದ್ದರು, ಜೊತೆಗೆ ಮನೆಯ ಸುದ್ದಿಯನ್ನೂ ಹೇಳುತ್ತಿದ್ದರು. ಸಾಫ್ಟ್‌ವೇರಿನಲ್ಲಿ ಆ ಸೌಕರ್ಯ ಇಲ್ಲ.

"ಬಿಡಬ್ಯಾಡ್ರಿ, ನಾಳೆಯಿಂದ ದಿನಾ ತಗೀತೀನಿ" ಎಂದು ಇಬ್ಬರಿಗೂ ಮಾತು ಕೊಟ್ಟೆ. ಕೊಟ್ಟ ಮಾತು ಉಳಿಸಿಕೊಳ್ಳಲು ಮರುದಿನ ಬೆಳಿಗ್ಗೆ ಬಂದವಳೇ ಕಂಪ್ಯೂಟರಿನ ಮುಂದೆ ಕೂತೆ. ಅದು ಪಾಸ್‌ವರ್ಡ್ ಕೇಳಿತು. ನನಗೆ ಅದು ನೆನಪಿರಲಿಲ್ಲ. ಅವತ್ತು ಮಸ್ಕಿಗೆ ಹೋಗಿದ್ದಾಗ ನನ್ನದನ್ನೂ ಹಾಕಿಕೊಟ್ಟವಳು ಅನ್ನಪೂರ್ಣಾ, ಅವಳಿಗೆ ಗೊತ್ತಿರುತ್ತದೆಂದು ಫೋನು ಹಚ್ಚಿದೆ. ಅವಳು ಬೇರೆ ಕರೆಯಲ್ಲಿದ್ದಳು.

ಲಿಂಗಸುಗೂರಿಗೆ ಹಚ್ಚಿದೆ. ಅದೂ ಬಿಜಿ.